ಯಾರೂ ಕಾಲಿಡದ ಕೋಣೆ

"ಈ ಖೋಲಿ ನಮ್ದಲ್ಲ, ಮಾವಶಿ," ಎಂದ ನಾಗಣ್ಣ.

ನನ್ನ ಟೈಪ್‌ರೈಟರಿನ ಪಕ್ಕದಲ್ಲಿ ಹರವಿದ್ದ ನಕಾಶೆಯ ಮೂಲೆಯ ಒಂದು ಕೋಣೆಯ ಮೇಲೆ ಅವನ ಬೆರಳು ನಿಂತುಬಿಟ್ಟಿತ್ತು.

"ನಮ್ದಲ್ಲ ಅಂದ್ರ? ನೆಟ್ಟಗ ಹೇಳು. ಬಿಸಿಲಿಗಿ ನನ್ನ ತಲಿ ಮೊದಲೇ ಕಾದದ."

"ಅಲ್ಲಿಗಿ ನಾವು ಹೋಗೇ ಇಲ್ಲ. ಹೋಗಲಾರದ ಖೋಲಿ ನಕಾಶ್ಯಾಗ ಹ್ಯಾಂಗ ಬಂತು?"

ನನಗೆ ತಲೆಬುಡ ಅರ್ಥವಾಗಲಿಲ್ಲ. ನಿಲಂಗಾ ಕೋರ್ಟಿನ ಮುಂದಿನ ಬೇವಿನ ಗಿಡದ ಕೆಳಗೆ ಮೂವತ್ತು ವರ್ಷ ಅಫಿಡವಿಟ್ ಟೈಪ್ ಮಾಡಿದ ಈ ಕುಸುಮಬಾಯಿಗೆ ಹೊಲದ ನಕಾಶೆ ಗೊತ್ತು, ಮನೆ ಪಾಲು ಮಾಡುವ ವಾಟಣಿಯ ನಕಾಶೆ ಗೊತ್ತು. ನೆಲದೊಳಗಿನ ಕೋಟೆ, ಅದರಲ್ಲಿ ಮೂವತ್ತೆಂಟು ಕೋಣೆ, ಒಂದರಲ್ಲೂ ಕಿಟಕಿ ಇಲ್ಲ ಎನ್ನುವ ನಕಾಶೆ ನೋಡುತ್ತಿದ್ದದ್ದು ಇದೇ ಮೊದಲು.

ಬಟ್ಟೆ ಅಂಗಡಿಯ ಮನ್ಮಥಪ್ಪ ಒಂದು ಮಂಗಳವಾರ ಮಧ್ಯಾಹ್ನ ಹೆಗಲಿಗೆ ಚೀಲ ಹಾಕಿಕೊಂಡು ಮನೆಯಿಂದ ಹೊರಟವನು ಹದಿಮೂರು ದಿನವಾದರೂ ಬಂದಿರಲಿಲ್ಲ. ಅಷ್ಟು ಬಿಟ್ಟರೆ ಯಾರಿಗೂ ಏನೂ ಗೊತ್ತಿರಲಿಲ್ಲ.

ಆವತ್ತು ಬೆಳಿಗ್ಗೆ ಅವನ ಅಣ್ಣ ಮಾಣಿಕಪ್ಪ ತಮ್ಮನ ಹೆಂಡತಿಯನ್ನು ಕರೆತಂದು ಅವಳ ಹೆಸರಿನಲ್ಲಿ ಒಂದು ಅಫಿಡವಿಟ್ ಬರೆಸಲು ಕುಳಿತಿದ್ದ. ಮರಾಠಿಯಲ್ಲಿ ಹೇಳಿ ಬರೆಸಿದ್ದರ ಸಾರ ಇಷ್ಟು: ನನ್ನ ಗಂಡ ಸಂಸಾರಕ್ಕೆ ಬೇಸತ್ತು ತನ್ನ ಇಚ್ಛೆಯಿಂದಲೇ ಮನೆ ಬಿಟ್ಟಿದ್ದಾರೆ, ಯಾರ ಮೇಲೂ ನನ್ನ ದೂರಿಲ್ಲ, ಹುಡುಕುವ ಅಗತ್ಯವಿಲ್ಲ. ಮರುದಿನ ಹನ್ನೊಂದು ಗಂಟೆಗೆ ಮನ್ಮಥಪ್ಪನ ಹೆಂಡತಿ ಶಕುಂತಲಾಬಾಯಿ ಅದಕ್ಕೆ ಸಹಿ ಹಾಕಬೇಕು. ಹಾಕಿದರೆ ಪೊಲೀಸರು ಫೈಲು ಕಟ್ಟಿ ಇಡುತ್ತಾರೆ. ಅದನ್ನವರು ಸರಿಯಾಗಿ ಬಿಚ್ಚಿಯೂ ಇರಲಿಲ್ಲ. ಆ ಬರಗಾಲದಲ್ಲಿ ಟ್ಯಾಂಕರು ತುಂಬಿಸುವ ಬಾವಿಗಳಿಗೆ ಬಂದೋಬಸ್ತು ಕೊಡುವುದರಲ್ಲೇ ಅವರಿಗೆ ಸಾಕಾಗಿತ್ತು.

ಮಾಣಿಕಪ್ಪ ಚಹಾ ಹೇಳಲು ಎದ್ದು ಹೋದಾಗ ಶಕುಂತಲಾಬಾಯಿ ನನ್ನ ಕೈ ಹಿಡಿದಳು.

"ಅಕ್ಕಾ, ಸಹಿ ಮಾಡಲಿಲ್ಲಂದ್ರ ನಾ ಆ ಮನ್ಯಾಗ ಇರಲಿಕ್ಕಾಗಂಗಿಲ್ಲ. ಮಾಡಿದ್ರ ಅವ್ರನ್ನ ಯಾರೂ ಹುಡಕಂಗಿಲ್ಲ. ನಾಳಿ ಹನ್ನೊಂದರ ತನಕ ಏನರೆ ಮಾಡ್ರಿ."

ಮಾಡುವುದಕ್ಕೆ ನನ್ನ ಹತ್ತಿರ ಏನಿತ್ತು? ಆಕೆ ಸೆರಗಿನೊಳಗಿಂದ ತೆಗೆದುಕೊಟ್ಟ ಈ ನಕಾಶೆ. ಮೊನ್ನೆ ಶನಿವಾರ ಮನ್ಮಥಪ್ಪನ ಗೆಳೆಯ, ಕಾಸಾರಶಿರಸಿಯ ಜಗದೇವಪ್ಪ ಮಾಸ್ತರರು ಮನೆಗೆ ಬಂದು, "ಇನ್ನ ನಾವು ಆಡಂಗಿಲ್ಲ, ವಹಿನಿ. ಇದು ಅವನ ಸಾಮಾನಿನ ಜೋಡಿ ಇರಲಿ," ಎಂದು ಈ ಅತ್ತಿಗೆಗೆ ಕೊಟ್ಟು ಹೋಗಿದ್ದರಂತೆ. ಅದಕ್ಕೇ, ಚಿಕ್ಕಮ್ಮನೆಂದು ನನ್ನನ್ನು 'ಮಾವಶಿ' ಎನ್ನುವ ನಾಗಣ್ಣನನ್ನು ಕರೆಸಿದ್ದೆ. ಅವನು ಬಸ್ಸಿನ ಕಂಡಕ್ಟರು, ಆವತ್ತು ಅವನ ವಾರದ ರಜೆ. ಮನ್ಮಥಪ್ಪ ಪ್ರತಿ ಭಾನುವಾರ ನಡೆಸುತ್ತಿದ್ದ ಆಟದಲ್ಲಿ ಈಗ ಉಳಿದಿದ್ದವರು ಅವನು ಮತ್ತು ಮಾಸ್ತರರು, ಇಬ್ಬರೇ. ಇಬ್ಬರೂ ಪೊಲೀಸರಿಗೆ ಹೇಳಿದ್ದು ಒಂದೇ ಮಾತು: ಭಾನುವಾರ ಆಟ ಮುಗಿದ ಮೇಲೆ ಮನ್ಮಥಪ್ಪನನ್ನು ನೋಡಿಲ್ಲ.

"ಮೊದಲಿಂದ ಹೇಳು," ಎಂದೆ. "ಏನಿದು ನಿಮ್ಮ ಖೇಳ? ಇಸ್ಪೀಟಂತೂ ಅಲ್ಲ."

ನಾಗಣ್ಣ ಆರಡಿ ಆಳು. ಆಟದ ಮಾತು ಬಂದ ಕೂಡಲೇ ಮುಖ ಎಳೆ ಹುಡುಗನದಾಯಿತು.

"ಒಬ್ಬಂವ ಸೂತ್ರಧಾರ, ಮಾವಶಿ. ಅವನ ಮುಂದ ಒಂದು ಪರದಾ. ನಮ್ದು ಸೀರಿ ಡಬ್ಬಿಯ ರಟ್ಟಿಂದು. ಅದರ ಹಿಂದ ಅವನ ವಹಿ, ಅವನ ನಕಾಶಿ. ನಮಗ ಕಾಣಂಗಿಲ್ಲ. 'ನಿಮ್ಮ ಮುಂದ ಕಬ್ಬಿಣದ ಬಾಗಲ ಅದ, ಒಳಗ ನೀರಿನ ಸಪ್ಪಳ ಬರ್ತದ, ಏನ್ ಮಾಡ್ತೀರಿ?' ಅಂತಾನ. ನಾವು ಹೇಳಬೇಕು. ಆಗೋದು ಬಿಡೋದು ಡೌಟ್ ಇದ್ರ ದಾಳ ಹಾಕಬೇಕು. ಇಪ್ಪತ್ತು ಮುಖದ ದಾಳ."

"ಗೆಲ್ಲವ್ರು ಯಾರು?"

"ಯಾರೂ ಇಲ್ಲ. ಗೆಲ್ಲೋದು ಸೋಲೋದು ಇಲ್ಲೇ ಇಲ್ಲ. ಮುಂದಿನ ಐತವಾರ ಮತ್ತ ಕೂಡೋದು, ಅಷ್ಟೇ."

ಅವನ ಪಾತ್ರ ಗಿಡ್ಡ ಕುಲದ ಕಲ್ಲುಕುಟಿಗನಂತೆ. ಈ ಆರಡಿ ದೇಹಕ್ಕೆ! ಮಾಸ್ತರರದ್ದು ಮಂತ್ರವಾದಿ. ಒಮ್ಮೆ ಹೇಳಿದ ಮಂತ್ರ ಮರೆತೇ ಹೋಗುತ್ತದೆ, ಮರುದಿನ ಪುಸ್ತಕ ತೆಗೆದು ಮತ್ತೆ ಕಲಿಯಬೇಕು.

"ನಮ್ಮ ವಕೀಲರಂಗ," ಎಂದೆ. ಅವನು ನಗಲಿಲ್ಲ.

ಮನ್ಮಥಪ್ಪ ಇದನ್ನು ಪುಣೆಯ ಹಾಸ್ಟೆಲಿನಿಂದ ತಂದವನು. ಝೆರಾಕ್ಸ್ ಮಾಡಿದ ಮೂರು ತೆಳು ಪುಸ್ತಕ, ಹಳೆ ಸಾಮಾನಿನ ಗಾಡಿಯಲ್ಲಿ ಸಿಕ್ಕ ದಾಳಗಳು. ಆ ದಾಳಗಳ ಅಂಕಿಗಳಿಗೆ ಬಣ್ಣವೇ ಇರಲಿಲ್ಲವಂತೆ. ಮೊದಲ ಕಾಲದಲ್ಲಿ ಹಾಗೇ ಬರುತ್ತಿದ್ದವು, ಕೊಂಡವರೇ ಮೇಣದ ಕಡ್ಡಿ ತಿಕ್ಕಿ ಅಂಕಿ ತುಂಬಬೇಕಿತ್ತು. ಜರ್ಮನಿಯ ದಂಡಿನ ಸಾಹೇಬರು ಮೇಜಿನ ಮೇಲೆ ಯುದ್ಧ ಕಲಿಯುತ್ತಿದ್ದ ಆಟ ಇದರ ಅಜ್ಜ. ಆಮೇಲೆ ಸೀಸದ ಸಿಪಾಯಿಗಳ ಆಟ. ಎಪ್ಪತ್ತನಾಲ್ಕರಲ್ಲಿ ಅಮೆರಿಕದ ಸಣ್ಣ ಊರಿನವರು ಅದನ್ನು ಕಂದು ಡಬ್ಬಿಯಲ್ಲಿ ಹಾಕಿ ಮಾರಿದರು. ಅಷ್ಟರಲ್ಲಿ ಒಂದು ದೊಡ್ಡ ಬದಲಾವಣೆ ಆಗಿತ್ತು: ಒಬ್ಬೊಬ್ಬನ ಕೈಯಲ್ಲಿ ಇಡೀ ದಂಡಿರುವ ಬದಲು ಒಬ್ಬನೇ ಒಬ್ಬ ಮನುಷ್ಯ, ಅವನಿಗೊಂದು ಹೆಸರು. ನಾಗಣ್ಣ ಇದನ್ನೆಲ್ಲ ಮನ್ಮಥಪ್ಪನ ಧಾಟಿಯಲ್ಲೇ ಹೇಳಿದ. ಎಷ್ಟು ಸಲ ಕೇಳಿದ್ದನೋ.

"ಮಾಣಿಕಪ್ಪ ಅಂತಾನ, ಈ ಖೇಳನೇ ತಮ್ಮನ ತಲಿ ಕೆಡಸ್ತು ಅಂತ."

"ಅಲ್ಲೂ ಹಂಗೇ ಅಂದಿದ್ರಂತ, ಮಾವಶಿ. ಒಬ್ಬ ಕಾಲೇಜಿನ ಹುಡುಗ ಕಾಣಲಾರದಂಗ ಆಗಿದ್ನಂತ. ಪೇಪರಿನವ್ರು, ಮಂದಿ, ಎಲ್ಲಾರೂ ಖೇಳಕ್ಕೇ ಬೈದ್ರಂತ. ಆಮ್ಯಾಲ ಹುಡುಗ ಸಿಕ್ಕ. ಕಾರಣ ಬ್ಯಾರೇನೇ ಇತ್ತು. ಒಬ್ಬಂಟಿ ಇದ್ನಂತ."

ನಿಲಂಗಾದ ಮೇಜಿಗೂ ಮೊದಲು ಏಳು ಜನ ಬರುತ್ತಿದ್ದರು. ಒಬ್ಬ ಉದಗೀರಿಗೆ ಹೋದ, ಒಬ್ಬ ಉಮರ್ಗಾದಲ್ಲಿ ಅಂಗಡಿ ಹಾಕಿದ, ಒಬ್ಬನಿಗೆ ಮದುವೆಯಾಯಿತು, ಒಬ್ಬನಿಗೆ ಸಾಕಾಯಿತು. ಹತ್ತೊಂಬತ್ತು ವರ್ಷದಲ್ಲಿ ಇಬ್ಬರು ಆಟಗಾರರು, ಒಬ್ಬ ಸೂತ್ರಧಾರ ಉಳಿದರು.

"ಈಗ ಈ ಖೋಲಿ," ಎಂದೆ.

ನಕಾಶೆ ಬರೆಯುವ ಕೆಲಸ ಮಾಸ್ತರರದ್ದು. ಅದಕ್ಕೊಂದು ಕಟ್ಟುನಿಟ್ಟಾದ ರೂಢಿ: ಸೂತ್ರಧಾರ ಬಾಯಿಬಿಟ್ಟು ಹೇಳಿದ್ದನ್ನಷ್ಟೇ ಬರೆಯಬೇಕು. ಲೆಕ್ಕ ತಪ್ಪಿ ಗೋಡೆ ವಾರೆಯಾದರೂ ಸೂತ್ರಧಾರ ತಿದ್ದುವುದಿಲ್ಲ. ತಪ್ಪು ನಕಾಶೆ ಹಿಡಿದು ದಾರಿ ತಪ್ಪಿದರೆ ಅದೂ ಆಟವೇ.

ನಾಗಣ್ಣ ಮೊಬೈಲು ತೆಗೆದ. ಪ್ರತಿ ಭಾನುವಾರ ಆಟ ಮುಗಿದ ಮೇಲೆ ನಕಾಶೆಯ ಫೋಟೋ ಹೊಡೆದುಕೊಳ್ಳುವುದು ಅವನ ಅಭ್ಯಾಸ. ಕೊನೆಯ ಭಾನುವಾರದ ಫೋಟೋದಲ್ಲಿ ಆ ಮೂಲೆ ಖಾಲಿ. ಅದಕ್ಕೆ ಹೋಗುವ ಓಣಿ ಎಂಟು ಹೆಜ್ಜೆ ಉದ್ದ, ಗೋಡೆಗೆ ಗೋಡೆ ಕೂಡುತ್ತಿರಲಿಲ್ಲ. ನನ್ನ ಮುಂದಿದ್ದ ಕಾಗದದಲ್ಲಿ ಓಣಿಯನ್ನು ರಬ್ಬರಿನಿಂದ ಅಳಿಸಿ ಆರು ಹೆಜ್ಜೆ ಮಾಡಿತ್ತು. ಗೋಡೆಗಳು ಸರಿಯಾಗಿ ಕೂಡಿದ್ದವು. ತುದಿಯಲ್ಲಿ ಎಂಟು ಮೂಲೆಯ ಕೋಣೆ, ನಡುವೆ ಒಂದು ಗುಂಡಿ.

"ಇದು ಖರೇ ಹ್ಯಾಂಗದ ಅನ್ನೋದು ಎಲ್ಲಿ ಬರದಿರ್ತದ?"

"ಸೂತ್ರಧಾರನ ವಹಿ ಒಳಗ. ನೀಲಿ ರಟ್ಟಿಂದು. ಅದನ್ನ ಅಂವ ಯಾರಿಗೂ ತೋರಸಂಗಿಲ್ಲ."

ಆ ನೀಲಿ ನೋಟುಬುಕ್ಕನ್ನು, ಅವರ ಮಾತಿನ ವಹಿಯನ್ನು, ಮಂಗಳವಾರ ಮನ್ಮಥಪ್ಪ ಚೀಲದಲ್ಲಿ ಹಾಕಿಕೊಂಡಿದ್ದನ್ನು ಶಕುಂತಲಾಬಾಯಿ ಕಣ್ಣಾರೆ ಕಂಡಿದ್ದಳು. ಭಾನುವಾರ ಖಾಲಿ ಇದ್ದ ಮೂಲೆ ಶನಿವಾರದ ಹೊತ್ತಿಗೆ ತುಂಬಿತ್ತು. ಅಂದರೆ ಮಂಗಳವಾರ ಮನೆ ಬಿಟ್ಟ ಮೇಲೆ ಆ ವಹಿ ಜಗದೇವಪ್ಪ ಮಾಸ್ತರರ ಕಣ್ಣಿಗೆ ಬಿದ್ದಿತ್ತು.

ನಾನು ಟೈಪ್‌ರೈಟರಿನ ಮೇಲೆ ಹೊದಿಕೆ ಎಳೆದೆ.

"ನಡಿ, ಕಾಸಾರಶಿರಸಿಗಿ."

"ನಾ ಯಾಕ, ಮಾವಶಿ? ನೀವೇ ಹೋಗಿ ಬರ್ರಿ."

"ನಿನ್ನ ಖೇಳ ನನಗ ತಿಳೀತದೇನು? ಸುಮ್ಮ ನಡಿ."

ಬಸ್ಸಿನಲ್ಲಿ ನಾಗಣ್ಣ ಹಿಂದಿನ ಸೀಟಿಗೆ ಹೋಗಿ ಕುಳಿತ. ಡ್ಯೂಟಿಯಲ್ಲಿದ್ದ ಕಂಡಕ್ಟರು ಅವನ ಹೆಗಲು ತಟ್ಟಿ ಏನೋ ಚೇಷ್ಟೆ ಮಾಡಿದರೂ ತಲೆಯಾಡಿಸಿದನಷ್ಟೇ. ಪಾಪ, ಗೆಳೆಯನ ಮೇಲೆ ಸಂಶಯ ಪಡಬೇಕಾಯಿತಲ್ಲ ಎಂದು ಕುದಿಯುತ್ತಿದ್ದಾನೆ ಅಂದುಕೊಂಡೆ. ಕಿಟಕಿಯ ಆಚೆ ಹಳ್ಳಿಹಳ್ಳಿಗೂ ಖಾಲಿ ಕೊಡಗಳ ಸಾಲು. ಮನುಷ್ಯರು ನೆರಳಿಗೆ ಹೋಗಿ, ಸರತಿಗೆ ಕೊಡಗಳನ್ನು ನಿಲ್ಲಿಸಿದ್ದರು.

ಮಾಸ್ತರರದ್ದು ಬಜಾರದ ಹಿಂದಿನ ಒಂದು ಖೋಲಿ. ಮುಂಜಾನೆ ಶಾಲೆ ಮುಗಿಸಿ ಬಂದಿದ್ದರು. ಐವತ್ತು ದಾಟಿದ ಮನುಷ್ಯ, ಚಿತ್ರಕಲೆ ಕಲಿಸುವವರು. ಹೆಂಡತಿ ಹೋಗಿ ಒಂಬತ್ತು ವರ್ಷವಾಗಿತ್ತು. ಬಾಗಿಲಲ್ಲಿ ಒಂದೇ ಜೊತೆ ಚಪ್ಪಲಿ, ಗೋಡೆಗೆ ಸರಿಯಾಗಿ ಕೂಡಿಸಿ ಇಟ್ಟಿತ್ತು. ಒಂದೇ ತಾಟು, ಒಂದೇ ವಾಟಗ. ನನ್ನ ಮನೆಯಲ್ಲೂ ಇಷ್ಟೇ ಪಾತ್ರೆ ತೊಳೆಯುವುದಿರುತ್ತದೆ, ನನಗೆ ಗೊತ್ತು.

"ಶರಣಾರ್ಥಿರಿ ಅಕ್ಕಾರ. ಕುಂದ್ರಿ. ನೀರು..." ಅವರು ತಂಬಿಗೆ ಹಿಡಿದು ಸಂಕೋಚದಿಂದ ನಿಂತರು. "ಅರ್ಧರ್ಧ ಗಿಲಾಸ ನಡೀತದೇನ್ರಿ? ಟ್ಯಾಂಕರ್ ನಾಳಿ."

"ಬ್ಯಾಡ್ರಿ, ಕುಡದು ಬಂದೀವಿ," ಎಂದು ಸುಳ್ಳು ಹೇಳಿದೆ. "ಮಾಸ್ತರ್ರ, ಮನ್ಮಥಪ್ಪನ್ನ ನೀವು ಕೊನೀಗಿ ಯಾವಾಗ ನೋಡಿದ್ರಿ?"

"ಐತವಾರ. ಪೊಲೀಸರಿಗೂ ಅದನ್ನೇ ಹೇಳೀನಿ."

ನಾನು ನಕಾಶೆ ಹರವಿದೆ. ಪಕ್ಕದಲ್ಲಿ ನಾಗಣ್ಣನ ಮೊಬೈಲು ಇಟ್ಟೆ. ಮಾಸ್ತರರು ಅದನ್ನೂ ಇದನ್ನೂ ನೋಡಿದರು. ನಾನು ಏನೂ ಕೇಳಲಿಲ್ಲ. ಕೇಳದೆ ಕುಳಿತರೆ ಜನ ತಾವೇ ಮಾತಾಡುತ್ತಾರೆ. ಕೋರ್ಟಿನ ಮುಂದೆ ಕುಳಿತು ನಾನು ಕಲಿತ ವಿದ್ಯೆ ಇದೊಂದೇ.

"ಗ್ವಾಡಿ ಕೂಡ್ತಿರಲಿಲ್ಲರಿ," ಎಂದರು ಕೊನೆಗೆ. "ನೋಡ್ರಿ ಇಲ್ಲಿ. ಎಂಟು ಹೆಜ್ಜಿ ಹಾಕಿದ್ರ ಓಣಿ ಹೋಗಿ ಬಾವಿ ಒಳಗ ಬೀಳ್ತದ. ತಪ್ಪದು. ಆರೇ ಇರಬೇಕು."

"ಆರು ಅಂತ ನಿಮಗ್ಯಾರು ಹೇಳಿದ್ರು?"

ಮಾಸ್ತರರು ನಕಾಶೆ ಮಡಚಲು ಹೋದರು.

"ಮೂವತ್ತು ವರ್ಷ ಹುಡುಗರ ಚಿತ್ರ ತಿದ್ದಿದ ಕೈ ನಿಮ್ದು. ಖರೇ ನಕಾಶಿ ನೋಡಿದ ಮ್ಯಾಲ ತಪ್ಪು ನಕಾಶಿ ಹಂಗೇ ಬಿಡಲಿಕ್ಕಾಗಲಿಲ್ಲ. ಹೌದಲ್ಲ? ವಹಿ ಎಲ್ಲದ? ಮನ್ಮಥಪ್ಪ ಎಲ್ಲಿದ್ದಾನ? ನಾಳಿ ಹನ್ನೊಂದಕ್ಕ ಶಕುಂತಲಾ ಸಹಿ ಮಾಡ್ತಾಳ್ರಿ. ಆಮ್ಯಾಲ ನೀವು ಬಾಯಿ ಬಿಟ್ರೂ ಅಷ್ಟೇ, ಬಿಡಲಿಲ್ಲಂದ್ರೂ ಅಷ್ಟೇ!"

ನನ್ನ ದನಿ ಏರಿತ್ತು. ಪಕ್ಕದ ಮನೆಯ ಹೆಂಗಸೊಬ್ಬಳು ಬಾಗಿಲಲ್ಲಿ ಇಣುಕಿ ಹೋದಳು.

ಮಾಸ್ತರರು ಎದ್ದು ಟ್ರಂಕಿನಿಂದ ನೀಲಿ ವಹಿ ತೆಗೆದು ತಂದರು. ಎರಡೂ ಕೈಯಲ್ಲಿ ಹಿಡಿದು ಕುಳಿತರು.

"ಮಂಗಳವಾರ ಎರಡು ಗಂಟೀಗಿ ಬಂದಾ. ಚೀಲದಾಗಿಂದ ಇದು ತಗದಾ, ಪರದಾ ತಗದಾ, ದಾಳ ತಗದಾ. ಎಲ್ಲಾ ನನ್ನ ಮುಂದ ಇಟ್ಟಾ. 'ಮಾಸ್ತರ, ಇವತ್ತ ನೀ ಪರದಾದ ಹಿಂದ ಕುಂದ್ರು, ನಾ ಆಡ್ತೀನಿ' ಅಂದಾ."

"ಸೂತ್ರಧಾರ ಆಡಂಗಿಲ್ಲಲ್ಲ?" ಎಂದೆ.

"ಅದೇರಿ. ಹತ್ತೊಂಬತ್ತು ವರ್ಷ ಅಂವ ಒಮ್ಮಿನೂ ಆಡಿಲ್ಲ. ನಮಗ ಹೊಳದೂ ಇಲ್ಲ, ಒಂದಿನ ನೀ ಆಡು ಅನ್ನಲಿಕ್ಕ. 'ಎಲ್ಲಾ ಬಾಗಲ ಹಿಂದ ಏನದ ಅಂತ ನನಗ ಗೊತ್ತದ, ಮಾಸ್ತರ. ಭಾಳ ಬ್ಯಾಸರ ಬಂದದ. ಒಂದು ಬಾಗಲರೆ ಗೊತ್ತಿರಲಾರದ್ದು ಇರಲಿ' ಅಂದಾ. 'ಬೇಕಾದಂಗ ಬದಲ ಮಾಡು' ಅಂದಾ. ನಾ ವಹಿ ಓದಿದೆ. ಗುಂಡಿ ಕಾಣಲಾರದಂಗ ಮ್ಯಾಲ ಹಾಸಗಲ್ಲು ಹಾಕಿದೆ. ಮೂರು ತಾಸು ಆಡಿದಿವಿ. ಇಬ್ರೇ."

ಹೇಳುತ್ತ ಹೇಳುತ್ತ ಅವರ ಮುಖದಲ್ಲಿ ಸಂತೋಷವೇ ಕಾಣಿಸಿತು. ಆಮೇಲೆ ಅದು ಆರಿತು.

"ಆ ಖೋಲಿಗಿ ಬಂದಾ. ಹಾಸಗಲ್ಲ ಮ್ಯಾಲ ಕಾಲಿಟ್ಟಾ. ಐದರ ಮ್ಯಾಲ ಬೀಳಬೇಕಿತ್ತು, ದಾಳ ಮೂರು ಬಿತ್ತು. ಸತ್ತಾ. ಆಗ ಅಂವ ನನ್ನ ಮುಖಾ ನೋಡಿ, 'ಇನ್ನೊಂದ ಸರ್ತಿ ಹಾಕ್ಲೇನು ಮಾಸ್ತರ?' ಅಂತ ಕೇಳಿದ್ನರಿ. ನಾ ಬ್ಯಾಡ ಅಂದೆ."

"ಯಾಕ?"

"ನಾಕು ವರ್ಷದ ಹಿಂದ ನನ್ನ ಮೊದಲಿನ ಮಂತ್ರವಾದಿ ಹಿಂಗೇ ಒಂದು ದಾಳಕ್ಕ ಸತ್ತಿದ್ದ. ಹನ್ನೊಂದು ವರ್ಷ ಸಾಕಿದ್ದೆ ಅವನ್ನ. ಇನ್ನೊಂದ ಸರ್ತಿ ಹಾಕ್ತೀನೋ ಅಂತ ಮನ್ಮಥಪ್ಪನ್ನ ಬೇಡಿಕೊಂಡಿದ್ದೆ. 'ಬಿದ್ದ ದಾಳ ಬಿದ್ದಂಗೇ' ಅಂದಿದ್ದ. ಅದು ನನ್ನ ಹೊಟ್ಟ್ಯಾಗ ಇತ್ತು. ನನಗೂ ಗೊತ್ತಿರಲಿಲ್ಲ ಇಷ್ಟು ಇತ್ತು ಅಂತ. ಅದೇ ಮಾತು ಅವಂಗ ಅಂದೆ. ಅಂವ ನಕ್ಕ. 'ಚಂದ ಆಡಸ್ತಿ' ಅಂದಾ. ವಹಿ ಇಲ್ಲೇ ಬಿಟ್ಟು ಎದ್ದು ಹೋದಾ. ನಾನೇ ಕೊಂದೆ, ಅಕ್ಕಾರ. ಅವನ್ನ ನಾನೇ ಕೊಂದೆ."

"ಹಾಳ್ಯಾಗ ಸತ್ರ ಮನಷ್ಯಾ ಸಾಯ್ತಾನೇನ್ರಿ!" ಎಂದು ಗದರಿದೆ. ಗದರದಿದ್ದರೆ ಆ ಮನುಷ್ಯ ಅಲ್ಲೇ ಕುಸಿಯುತ್ತಿದ್ದರು. "ಹದಿಮೂರು ದಿನಾ ಇದನ್ನ ಹೊಟ್ಟ್ಯಾಗ ಇಟ್ಕೊಂಡು ಕುಂತೀರಿ. ಆ ಹೆಣ್ಮಗಳ ಮನೀಗಿ ಹೋಗಿ ನಕಾಶಿ ಕೊಟ್ಟು ಬಂದೀರಿ. ಒಂದು ಮಾತು ಹೇಳಲಿಕ್ಕೇನಾಗಿತ್ತು?"

"ಹೇಳಬೇಕಂತೇ ಹೋಗಿದ್ದೆ. ವಹಿನಿ ಮುಖಾ ನೋಡಿದೆ. ಆಗಲಿಲ್ಲ." ಅವರು ವಹಿಯ ನಡುವಿನಿಂದ ಒಂದು ಹಾಳೆ ಎಳೆದು ನನ್ನ ಕಡೆ ಚಾಚಿದರು. "ಇದು ಅವನ ಪಾತ್ರದ ಹಾಳಿ. ಅವತ್ತೇ ಬರದದ್ದು. ಇದಕ್ಕಾಗಿನೇ ನನಗ ಅಂಜಿಕಿ ಆಗ್ಯಾದ. ನಮ್ಮಲ್ಲಿ ಒಂದು ರೂಢಿ ಅದರಿ, ಪುಸ್ತಕದಾಗಿಂದಲ್ಲ, ನಮ್ಮ ಮೇಜಿಂದೇ. ಹೆಸರು ಸುಳ್ಳು ಬರೀಬಹುದು, ಕುಲ ಸುಳ್ಳು ಬರೀಬಹುದು, ಶಕ್ತಿ ಎಲ್ಲಾ ದಾಳ ಕೊಟ್ಟಿದ್ದು. ಆದ್ರ ಕೊನೀಗಿ 'ಹಂಬಲ' ಅಂತ ಒಂದು ಸಾಲು ಇರ್ತದ. ಅದು ಮಾತ್ರ ಖರೇನೇ ಇರಬೇಕು. ಆಡವ್ನ ಸ್ವಂತದ್ದು."

ಹಾಳೆ ನೋಡಿದೆ. ಹೆಸರಿನ ಜಾಗ ಖಾಲಿ. ಕಸುಬು: ಪಂಜು ಹಿಡಿಯುವವನು.

"ಪಂಜಿನಂವ ಅಂದ್ರ ಕೂಲಿ ಆಳ್ರಿ," ಎಂದರು ಮಾಸ್ತರರು. "ಮಂದಿ ಮುಂದ ನಡೀತದ, ಅಂವ ಬೆಳಕು ಹಿಡೀತಾನ. ಖೇಳದಾಗ ಅವನ ಹೆಸರು ಯಾರೂ ಕೇಳಂಗಿಲ್ಲ. ಶೂರ ಆಗು, ರಾಜಾ ಆಗು ಅಂದೆ. ಬ್ಯಾಡಂದಾ."

ಕೊನೆಯ ಸಾಲು ದುಂಡಗಿನ ಅಕ್ಷರದಲ್ಲಿತ್ತು. ಹಂಬಲ: ಒಂದು ಸಲವಾದರೂ ಯಾರಾದರೂ ನನ್ನನ್ನು ಹುಡುಕಿಕೊಂಡು ಬರಲಿ.

ನನಗೆ ಅಳು ಬಂತು. ಮೂವತ್ತು ವರ್ಷ ಮಂದಿಯ ಗೋಳನ್ನು ಟೈಪ್ ಮಾಡಿಯೂ ಅಳದ ಹೆಂಗಸು ನಾನು, ಆ ಒಂದು ಸಾಲಿಗೆ ಅತ್ತೆ. ಮನೆಯಲ್ಲಿ ಹೆಂಡತಿ, ಅಂಗಡಿಯಲ್ಲಿ ಅಣ್ಣ, ವಾರಕ್ಕೊಮ್ಮೆ ಗೆಳೆಯರು, ಎಲ್ಲಾ ಇದ್ದವನು ಹೀಗೆ ಬರೆದಿದ್ದ. ನಾನೇ ನಾಳೆ ಕಾಣೆಯಾದರೆ ಬೇವಿನ ಗಿಡದ ಕೆಳಗೆ ಇನ್ನೊಬ್ಬ ಟೈಪಿಸ್ಟು ಮೇಜು ಹಾಕುತ್ತಾನೆ, ಅಷ್ಟೇ. ಮತ್ತೆ ಆ ಅಫಿಡವಿಟ್ಟು, 'ಹುಡುಕುವ ಅಗತ್ಯವಿಲ್ಲ' ಎಂದು ನನ್ನ ಬೆರಳುಗಳೇ ಬೆಳಿಗ್ಗೆ ಹೊಡೆದಿದ್ದವು.

ಕಣ್ಣೊರೆಸಿಕೊಂಡೆ.

"ಮಾಸ್ತರ್ರ, ಏಳ್ರಿ. ವಹಿ ತಗೋರಿ, ಈ ಹಾಳಿ ತಗೋರಿ. ನಾಳಿ ಹತ್ತಕ್ಕ ಪೊಲೀಸ್ ಠಾಣಾದಾಗ ನೀವು ಜಬಾಬು ಕೊಡಬೇಕು. ಮಂಗಳವಾರ ಐದರ ತನಕ ಅಂವ ಇಲ್ಲಿದ್ದ, ನಗಕೋತ ಎದ್ದು ಹೋದ, ಮನಿ ಬಿಡೋ ಮಾತೇ ಆಡಲಿಲ್ಲ ಅಂತ. ಅಷ್ಟು ಸಾಕು. ಶಕುಂತಲಾ ಸಹಿ ಮಾಡೋದು ನಿಲ್ತದ. ಹುಡುಕ್ಯಾಟ ಶುರು ಆಗ್ತದ."

"ಬರ್ತೀನ್ರಿ," ಎಂದರು ಅವರು. ಮುಖದಿಂದ ದೊಡ್ಡ ಭಾರ ಇಳಿದಂತಿತ್ತು. ಆಮೇಲೆ ನನ್ನ ಹೆಗಲ ಮೇಲಿಂದ ಹಿಂದಕ್ಕೆ ನೋಡಿದರು. "ಆದ್ರ ನಂದೊಂದೇ ಜಬಾಬು ಯಾಕ್ರಿ? ನಾಗಣ್ಣಾನೂ ಕೊಡ್ತಾನಲ್ಲ."

"ಇಂವ ಏನು ಕೊಡ್ತಾನ?"

"ಉಮರ್ಗಾ–ಉದಗೀರ ಗಾಡಿ ನಾಗಣ್ಣಂದೇ ಅಲ್ಲೇನ್ರಿ. ಐದೂವರಿಗಿ ಇಲ್ಲಿ ಬರ್ತದ, ನಿಲಂಗಾ ಮ್ಯಾಲ ಹೋಗ್ತದ. ಅವತ್ತ ನಾ ಮೂಲಿ ತನಕ ಮನ್ಮಥಪ್ಪನ ಹಿಂದ ಹೋಗಿದ್ದೆ, ತಪ್ಪಾತು ಅನ್ನಬೇಕಂತ. ಹೋಗೋದ್ರಾಗ ಅಂವ ಗಾಡಿ ಹತ್ತಿದ್ದ. ನಾಗಣ್ಣನೇ ಕೈ ಹಿಡದು ಮ್ಯಾಲ ತಗೊಂಡ." ಮಾಸ್ತರರ ದನಿಯಲ್ಲಿ ಆಕ್ಷೇಪವೇ ಇರಲಿಲ್ಲ, ಬರೀ ಗೊಂದಲ. "ಪೊಲೀಸರ ಮುಂದ ಅಂವ ಇವತ್ತ ಹೇಳ್ಯಾನು, ನಾಳಿ ಹೇಳ್ಯಾನು ಅಂತ ನಾ ದಾರಿ ನೋಡಿದೆ. ಅಂವ ಯಾಕ ಹೇಳವಲ್ಲ ಅಂತ ನನಗೂ ತಿಳೀವಲ್ದು."

ನಾನು ತಿರುಗಿದೆ.

ನಾಗಣ್ಣ ಬಾಗಿಲ ಪಕ್ಕದ ಗೋಡೆಗೆ ಬೆನ್ನು ಹಚ್ಚಿ ನೆಲದ ಮೇಲೆ ಕುಳಿತಿದ್ದ. ಅಷ್ಟು ದೊಡ್ಡ ದೇಹವನ್ನು ಮುದುಡಿ ಮೊಣಕಾಲಿನ ಮೇಲೆ ತಲೆ ಇಟ್ಟಿದ್ದ. ಬೆಳಿಗ್ಗೆಯಿಂದ ನನ್ನ ಪಕ್ಕದಲ್ಲೇ ಕುಳಿತು, ಬೆರಳಿಟ್ಟು ತೋರಿಸಿ, ನನ್ನನ್ನು ಇಲ್ಲಿಯ ತನಕ ತಂದವನು ಇವನೇ.

"ನಾಗಣ್ಣಾ," ಎಂದೆ. "ನಿಲಂಗಾ ಸ್ಟ್ಯಾಂಡಿನ್ಯಾಗ ಅಂವ ಎಷ್ಟಕ್ಕ ಇಳದಾ?"

ಅವನು ತಲೆ ಎತ್ತಲಿಲ್ಲ.

"ಇಳೀಲಿಲ್ಲ, ಮಾವಶಿ," ಎಂದ. "ಎದ್ದು ನಿಂತಿದ್ದ. ನಾನೇ ಇಳಿಗೊಡಲಿಲ್ಲ, ಹಂಗೇ ಉದಗೀರ ಕಡೀಗಿ ಒಯ್ದೆ."